ಕಾಲಿನ ‘ಬ್ಲಡ್ ಸರ್ಕ್ಯುಲೇಶನ್’ ಮಶೀನ್, ಎಂಟು ತಿಂಗಳು ಬಳಸಿದ ಮೇಲೆ: ಮಶೀನ್ ಪರವಾಗಿಲ್ಲ, ಅದರ ಜೊತೆ ಬಂದ ಕನ್ನಡ ಚೀಟಿ ಅಪಾಯ

ಅಮ್ಮನಿಗೆ ಅಂತ ಕಳೆದ ದೀಪಾವಳಿ ಆಫರ್‌ನಲ್ಲಿ ಆನ್‌ಲೈನಲ್ಲಿ ಒಂದು ಕಾಲು ಒತ್ತೋ ಮಶೀನ್ ತಗೊಂಡೆ, 6,800 ರೂಪಾಯಿ ಆಯ್ತು. ಎಂಟು ತಿಂಗಳು ಬಳಸಿ ಆದ್ಮೇಲೆ ಬರೀತಿದೀನಿ, ಬಂದ ದಿನಾನೇ ಐದು ಸ್ಟಾರ್ ಒತ್ತಿದ ರಿವ್ಯೂ ಅಲ್ಲ ಇದು. ಕಂಪನಿ ಹೆಸರು ಹಾಕ್ತಿಲ್ಲ. ಇದೇ ಆಕಾರದ ಮಶೀನ್ ಬೇರೆ ಬೇರೆ ಹೆಸರಲ್ಲಿ ಬೇಕಾದಷ್ಟು ಸಿಗುತ್ತೆ, ನಾನು ಹೇಳೋಕೆ ಹೊರಟಿರೋದು ನೀವು ಯಾವುದನ್ನ ತಗೊಂಡ್ರೂ ನೋಡಲೇಬೇಕಾದ ವಿಷಯ. ಡಬ್ಬದ ಮೇಲೆ ದೊಡ್ಡದಾಗಿ ‘ಬ್ಲಡ್ ಸರ್ಕ್ಯುಲೇಶನ್’ ಅಂತ ಬರೆದಿರ್ತಾರಲ್ಲ, ಆ ಪದದ ವಿಷಯ. ಆ ಪದವನ್ನ ಕನ್ನಡಕ್ಕೆ ತರುವಾಗ ಯಾರೋ ಮಾಡಿದ ಎಡವಟ್ಟಿಂದ ನಮ್ಮಮ್ಮನ ಹಿಮ್ಮಡಿ ಸುಟ್ಟು ಆರು ವಾರ ಮನೇಲಿ ನಾವ್ಯಾರೂ ನೆಮ್ಮದಿಯಾಗಿ ಇರಲಿಲ್ಲ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಮಶೀನ್ ಹೇಗಿದೆ ಹೇಳಿಬಿಡ್ತೀನಿ. ಎರಡು ಬಾಯಿ ಇರೋ ಪೆಟ್ಟಿಗೆ ತರ ಇದೆ, ಐದು ಕೆಜಿ ಹತ್ರ ತೂಕ, ಅಮ್ಮ ಒಬ್ಳೇ ಎತ್ತಿ ಮಂಚದ ಕೆಳಗೆ ಇಡೋಕಾಗಲ್ಲ. ಎರಡೂ ಕಾಲು ಒಳಗಿಟ್ರೆ ಅಂಗಾಲಿನ ಕೆಳಗೆ ಉಂಡೆ ಉಂಡೆ ರೋಲರ್ ತಿರುಗುತ್ತೆ, ಪಾದದ ಎರಡು ಪಕ್ಕ ಗಾಳಿ ಚೀಲ ಉಬ್ಬಿ ಹಿಡಿದು ಬಿಡುತ್ತೆ, ಬಿಪಿ ನೋಡುವಾಗ ತೋಳಿಗೆ ಕಟ್ಟೋ ಪಟ್ಟಿ ಬಿಗಿಯಾಗುತ್ತಲ್ಲ ಥೇಟ್ ಹಾಗೆ. ಒತ್ತಡಕ್ಕೆ ಮೂರು ಲೆವೆಲ್ ಇದೆ, ಮೂರನೇದು ನನಗೇ ಜಾಸ್ತಿ ಅನ್ನಿಸ್ತು. ಹೀಟ್‌ಗೆ ಬೇರೆ ಬಟನ್. 15 ನಿಮಿಷಕ್ಕೆ ತಾನೇ ಆಫ್ ಆಗುತ್ತೆ. ಒಳಗಿನ ಬಟ್ಟೆ ಜಿಪ್ ಬಿಚ್ಚಿ ತೆಗೆದು ಒಗೀಬಹುದು, ಇದನ್ನ ಯೋಚನೆ ಮಾಡಿ ಮಾಡಿದೋರಿಗೆ ನಿಜವಾಗ್ಲೂ ಥ್ಯಾಂಕ್ಸ್ ಹೇಳ್ಬೇಕು. ವೈರ್ ಮಾತ್ರ ಗಿಡ್ಡ, ನಮ್ಮನೇಲಿ ಸ್ವಿಚ್ ಬೋರ್ಡ್ ಇರೋ ಗೋಡೆಗೇ ಕುರ್ಚಿ ಎಳ್ಕೊಂಡು ಕೂರ್ಬೇಕು. ಸದ್ದು ಮಿಕ್ಸಿಯಷ್ಟಿಲ್ಲ, ಆದ್ರೆ ಟಿವಿ ವಾಲ್ಯೂಮ್ ಸ್ವಲ್ಪ ಏರಿಸ್ಬೇಕಾಗುತ್ತೆ.

ಅಮ್ಮಂಗೆ 14 ವರ್ಷದಿಂದ ಶುಗರ್ ಇದೆ. ಎರಡು ಮೂರು ವರ್ಷದಿಂದ ಕಾಲು ಜೋಮು ಹಿಡಿಯೋದು, ರಾತ್ರಿ ಹೊತ್ತು ಅಂಗಾಲು ಉರಿ. “ರಕ್ತ ಓಡಾಡ್ತಿಲ್ಲ ಕಣೇ ಕಾಲಿಗೆ” ಅಂತ ಅವಳೇ ಹೇಳ್ತಿದ್ಲು, ನಾವೂ ಹಾಗೇ ಅಂದ್ಕೊಂಡಿದ್ವಿ, ಯಾಕಂದ್ರೆ ಎಲ್ಲರೂ ಅದನ್ನೇ ಹೇಳೋದಲ್ವಾ. ನೆಟ್‌ನಲ್ಲಿ ಹುಡುಕಿದ್ರೆ ಸರ್ಕ್ಯುಲೇಶನ್ ಸರ್ಕ್ಯುಲೇಶನ್ ಅಂತ ಈ ಮಶೀನ್‌ಗಳೇ ಸಾಲಾಗಿ ಬರುತ್ತೆ. ಹಾಗಾಗಿ ತಗೊಂಡಿದ್ದು.

ಡಬ್ಬ ಬಿಚ್ಚಿದ ದಿನ ಚೀಟಿ ಓದಿದ್ದು ಅಪ್ಪ. ಅಪ್ಪ ತಿಪಟೂರಲ್ಲಿ 31 ವರ್ಷ ಪೇಪರ್ ಏಜೆಂಟ್ ಆಗಿದ್ದೋರು, ಕೈಗೆ ಅಚ್ಚಾಗಿರೋದು ಏನು ಸಿಕ್ಕಿದ್ರೂ ಪೂರ್ತಿ ಓದಿ ಆಮೇಲೇ ಕೆಳಗಿಡೋದು. ಸೀರೆ ಮಡಿಚಿದ ಹಾಗೆ ಮಡಿಚಿರೋ ತೆಳು ಹಾಳೆ, ಎಷ್ಟೋ ಭಾಷೇಲಿದೆ, ಕನ್ನಡಕ್ಕೆ ಒಂದು ಅಂಗೈ ಅಗಲ ಜಾಗ. ಅದರಲ್ಲಿ ಮೊದಲನೇ ಸಾಲು, “ಈ ಸಾಧನವು ನಿಮ್ಮ ಕಾಲುಗಳ ಪ್ರಸಾರವನ್ನು ಹೆಚ್ಚಿಸುತ್ತದೆ.” ಅಪ್ಪ ಕನ್ನಡಕ ಸರಿ ಮಾಡ್ಕೊಂಡು ಇನ್ನೊಂದು ಸಲ ಓದಿದ್ರು. “ಪ್ರಸಾರ ಅಂದ್ರೆ ಪೇಪರ್‌ದಲ್ವೇನಮ್ಮ, ಕಾಲಿಗೆ ಯಾಕೆ ಹಾಕಿದಾರೆ?” ಅಂದ್ರು. ನಾನು ಕಂಪ್ಯೂಟರ್ ಅನುವಾದ ಅಪ್ಪ, ಬಿಡಿ ಅಂದೆ. ಕೆಳಗೆ ಎಚ್ಚರಿಕೆ ಅಂತ ಒಂಬತ್ತು ಪಾಯಿಂಟ್ ಇತ್ತು, ಐದನೇದು ಹೀಗಿದೆ: “ಕಳಪೆ ಚಲಾವಣೆ ಹೊಂದಿರುವ ವ್ಯಕ್ತಿಗಳು ವೈದ್ಯರನ್ನು ಸಂಪರ್ಕಿಸದೆ ಉಪಯೋಗಿಸಕೂಡದು.” ಏಳನೇದು, “ಗಾಳಿಯ ವಿತರಣೆಯ ರಂಧ್ರಗಳನ್ನು ಮುಚ್ಚಕೂಡದು.” ಮೂರೂ ಕಡೆ ಇಂಗ್ಲಿಷ್‌ನಲ್ಲಿ ಇರೋದು ಒಂದೇ ಪದ, ಸರ್ಕ್ಯುಲೇಶನ್. ಕನ್ನಡದಲ್ಲಿ ಅದು ಒಂದು ಕಡೆ ಪ್ರಸಾರ, ಒಂದು ಕಡೆ ಚಲಾವಣೆ, ಇನ್ನೊಂದು ಕಡೆ ವಿತರಣೆ. ನಾನು ಅವತ್ತು ಇಂಗ್ಲಿಷ್ ಭಾಗ ಓದ್ಲಿಲ್ಲ, ಮೊಬೈಲಲ್ಲಿ ವಿಡಿಯೋ ನೋಡಿ ಆನ್ ಮಾಡೋದು ಕಲ್ತೆ ಅಷ್ಟೆ. ಅಮ್ಮ ಓದೋದು ಕನ್ನಡ ಮಾತ್ರ, ಅವಳೂ ಚೀಟಿ ಪೂರ್ತಿ ಓದಿದ್ಲು, ಪಾಪ. ಅದರಲ್ಲಿ ಐದನೇ ಪಾಯಿಂಟ್ ತನ್ನಂಥವರ ಬಗ್ಗೆನೇ ಹೇಳ್ತಿದೆ ಅಂತ ಅವಳಿಗೆ ಗೊತ್ತಾಗೋಕೆ ಸಾಧ್ಯಾನೇ ಇರಲಿಲ್ಲ. ‘ಕಳಪೆ ಚಲಾವಣೆ’ ಅಂದ್ರೆ ಯಾರಿಗೆ ಏನು ಅರ್ಥ ಆಗುತ್ತೆ ಹೇಳಿ?

ಮೂರು ವಾರ ಚೆನ್ನಾಗೇ ನಡೀತು. ಹೀಟ್ ಹಾಕ್ಕೊಂಡ್ರೆ ಹಾಯಾಗಿರುತ್ತೆ ಅಂತಿದ್ಲು. ಚಳಿ ಜಾಸ್ತಿ ಆದ್ಮೇಲೆ 15 ನಿಮಿಷ ಮುಗಿದ ತಕ್ಷಣ ಮತ್ತೆ ಆನ್, ಹೀಗೆ ಎರಡು ಮೂರು ಸಲ ಕೂತಿದಾಳೆ, ನನಗೆ ಹೇಳಿಲ್ಲ. ಒಂದು ಸಂಜೆ ಬ್ಯಾಂಕಿಂದ ಬಂದು ನೋಡ್ತೀನಿ, ಅಡುಗೆಮನೆ ಟೈಲ್ಸ್ ಮೇಲೆ ಒದ್ದೆ ಹೆಜ್ಜೆ, ಬಲಗಾಲಿಂದು ಮಾತ್ರ. ನೀರು ಚೆಲ್ಲಿದ್ಯಾ ಅಂತ ಕೇಳಿದ್ರೆ ಇಲ್ಲ ಅಂದ್ಲು. ಕಾಲೆತ್ತಿ ನೋಡಿದ್ರೆ ಹಿಮ್ಮಡಿ ಪಕ್ಕದಲ್ಲಿ ಎಂಟಾಣೆ ಅಗಲದ ಬೊಬ್ಬೆ ಎದ್ದು ಒಡೆದಿದೆ, ಒಳಗೆ ಕೆಂಪಗೆ ಕಾಣ್ತಿದೆ, ಅವಳಿಗೆ ನೋವೇ ಇಲ್ಲ. ನೋವಿಲ್ಲ ಅನ್ನೋದೇ ನನಗೆ ಹೆದರಿಕೆ ಆಗಿದ್ದು.

ಡಾಕ್ಟರ್ ಹತ್ರ ಹೋದ್ವಿ. ಅವರು ಗಾಯ ತೊಳೆದು ಡ್ರೆಸ್ಸಿಂಗ್ ಮಾಡಿಸಿದ ಮೇಲೆ ಅಮ್ಮನ್ನ ಕಣ್ಣು ಮುಚ್ಚೋಕೆ ಹೇಳಿ, ಮೀನಿನ ಗಾಳದ ದಾರದ ತರ ಒಂದು ನೈಲಾನ್ ಎಳೆ ತಗೊಂಡು ಪಾದದ ಹತ್ತು ಕಡೆ ಮುಟ್ಟಿಸಿದ್ರು. 10 ಗ್ರಾಂ ಒತ್ತಡಕ್ಕೆ ಬಾಗೋ ಎಳೆಯಂತೆ ಅದು, ಮುಟ್ಟಿದ್ದು ಗೊತ್ತಾದಾಗೆಲ್ಲ ಹೂಂ ಅನ್ನಬೇಕು. ಅಮ್ಮ ನಾಲ್ಕೇ ಸಲ ಹೂಂ ಅಂದ್ಲು. ನಾನು ಪಕ್ಕದಲ್ಲಿ ನಿಂತು ನೋಡ್ತಿದೀನಿ, ಎಳೆ ಅವಳ ಅಂಗಾಲಲ್ಲಿ ಬಾಗಿ ನಿಂತಿದೆ, ಅವಳು ಕಣ್ಣು ಮುಚ್ಕೊಂಡು ಇನ್ನೂ ಮುಟ್ಟಿಲ್ಲವೇನೋ ಅಂತ ಕಾಯ್ತಾ ಕೂತಿದಾಳೆ. ಅದನ್ನ ನೋಡಿದ ಮೇಲೆ ನನಗೆ ಸುಮಾರು ದಿನ ನಿದ್ದೆ ಸರಿಯಾಗಿ ಬರಲಿಲ್ಲ.

ಆಮೇಲೆ ಪಾದದ ಮೇಲೆ, ಕಣಕಾಲಿನ ಹಿಂದೆ ನಾಡಿ ಮುಟ್ಟಿ ನೋಡಿದ್ರು, ಕಣಕಾಲಲ್ಲೂ ತೋಳಲ್ಲೂ ಬಿಪಿ ನೋಡಿ ಎರಡನ್ನೂ ಹೋಲಿಸಿದ್ರು, ಡಾಪ್ಲರ್ ಅಂತ ನಾಳದಲ್ಲಿ ರಕ್ತ ಹೇಗೆ ಹರೀತಿದೆ ಅಂತ ನೋಡೋ ಸ್ಕ್ಯಾನ್ ಮಾಡಿಸಿದ್ರು. ಕೊನೆಗೆ ಹೇಳಿದ್ದೇನಂದ್ರೆ, ನಿಮ್ಮಮ್ಮನ ಕಾಲಿಗೆ ರಕ್ತ ಚೆನ್ನಾಗೇ ಹೋಗ್ತಿದೆ, ತೊಂದರೆ ಇರೋದು ನರದಲ್ಲಿ, ಶುಗರ್‌ನಿಂದ ನರದ ತುದಿಗಳು ಸ್ಪರ್ಶ ಕಳ್ಕೊಂಡಿವೆ, ಜೋಮು ಉರಿ ಎರಡೂ ಅದರದ್ದೇ ಅಂತ. ಅಂದ್ರೆ ಮೂರು ವರ್ಷದಿಂದ ನಾವು ಸರ್ಕ್ಯುಲೇಶನ್ ಸರ್ಕ್ಯುಲೇಶನ್ ಅಂತಿದ್ದಿದ್ದು ಸರ್ಕ್ಯುಲೇಶನ್ನೇ ಅಲ್ಲ. ಚಕ್ಕಳಮಕ್ಕಳ ಹಾಕ್ಕೊಂಡು ತುಂಬಾ ಹೊತ್ತು ಕೂತ್ರೆ ಕಾಲು ಜೋಮು ಹಿಡಿಯುತ್ತಲ್ಲ, ಅದೂ ಹೆಚ್ಚಾಗಿ ನರ ಅದುಮಿಕೊಂಡು ಆಗೋದಂತೆ, ನಾವು ಅದಕ್ಕೂ ರಕ್ತ ನಿಂತೋಯ್ತು ಅಂತೀವಿ. ಶುಗರ್ ಇದ್ದವರಲ್ಲಿ ರಕ್ತನಾಳದ ತೊಂದರೆಯೂ ಇರಬಹುದು, ನರದ್ದೂ ಇರಬಹುದು, ಎರಡೂ ಒಟ್ಟಿಗೆ ಇರಬಹುದು, ಪರೀಕ್ಷೆ ಮಾಡ್ದೆ ಯಾವುದು ಅಂತ ಹೇಳೋಕಾಗಲ್ಲ. ಯಾವುದೇ ಇದ್ರೂ ಹೀಟ್ ಮಾತ್ರ ಯಾವತ್ತೂ ಬೇಡ ಅಂದ್ರು, ಬಿಸಿ ಗೊತ್ತಾಗದ ಕಾಲು ಸುಟ್ಟರೂ ಗೊತ್ತಾಗಲ್ಲ.

ಮನೆಗೆ ಬಂದು ಡ್ರಾಯರಿಂದ ಆ ಚೀಟಿ ತೆಗೆದು ಇಂಗ್ಲಿಷ್ ಭಾಗ ಪಕ್ಕದಲ್ಲಿಟ್ಕೊಂಡು ಓದಿದೆ. ಇಂಗ್ಲಿಷ್‌ನಲ್ಲಿ ಓದಿದವರಿಗೆ ತಕ್ಷಣ ಕಣ್ಣಿಗೆ ಬೀಳುತ್ತೆ, ಮೇಲೆ ಸರ್ಕ್ಯುಲೇಶನ್ ಹೆಚ್ಚಿಸುತ್ತೆ ಅಂತಿದೆ, ಕೆಳಗೆ ಸರ್ಕ್ಯುಲೇಶನ್ ಸರಿ ಇಲ್ಲದವರು ಡಾಕ್ಟರನ್ನ ಕೇಳದೆ ಬಳಸಬೇಡಿ ಅಂತಿದೆ. ಒಂದೇ ಪದ ಎರಡು ಕಡೆ ಇರೋದ್ರಿಂದ ಓ ಇದು ನನಗೆ ಹೇಳಿದ್ದು, ಕೇಳೋಣ ಅನ್ನಿಸುತ್ತೆ. ಅದರ ಮುಂದಿನ ಪಾಯಿಂಟ್‌ನಲ್ಲಿ ಸ್ಪರ್ಶ ಕಡಿಮೆ ಇರೋರು ಹೀಟ್ ಹಾಕಬಾರದು ಅಂತಾನೂ ಇದೆ, ಕನ್ನಡದಲ್ಲಿ ಅದು “ಸಂವೇದನಾಶೀಲರಲ್ಲದವರು ಉಷ್ಣವನ್ನು ವರ್ಜಿಸಬೇಕು” ಆಗಿದೆ. ಅಮ್ಮ ಅದನ್ನ ಓದಿ ಏನಂತ ತಿಳ್ಕೋಬೇಕು? ಕನ್ನಡ ಓದೋರಿಗೆ ಎಚ್ಚರಿಕೆ ಕೊಟ್ಟಿದೀವಿ ಅಂತ ಲೆಕ್ಕಕ್ಕೆ ಇದೆ, ನಿಜವಾಗಿ ಕೊಟ್ಟೇ ಇಲ್ಲ. ನನಗೆ ಸಿಟ್ಟು ಬಂದಿದ್ದು ಅಲ್ಲಿ, ಈಗ್ಲೂ ಇದೆ.

ಆ ಮೂರು ಪದ ತಲೇಲಿ ಕೂತುಬಿಡ್ತು. ಯಾಕಂದ್ರೆ ಒಂದು ಅಪ್ಪನ ಪದ, ಒಂದು ನನ್ನ ಪದ.

ಅಪ್ಪನ ಸರ್ಕ್ಯುಲೇಶನ್ ಬೆಳಗಿನ ಜಾವ ನಾಲ್ಕು ಗಂಟೇದು. ಬೆಂಗಳೂರಿಂದ ವ್ಯಾನ್ ಬಂದು ಬಸ್ ಸ್ಟ್ಯಾಂಡ್ ಹತ್ರ ಬಂಡಲ್ ಇಳಿಸಿ ಹೋಗೋದು, ಅಲ್ಲೇ ಕಟ್ಟೆ ಮೇಲೆ ದಾರ ಕುಯ್ದು, ಸಪ್ಲಿಮೆಂಟ್ ಒಳಗೆ ಸೇರಿಸಿ, ಹುಡುಗರ ಲೈನ್ ಪ್ರಕಾರ ಎಣಿಸಿ ಕೊಡೋದು. ಶನಿವಾರ ಭಾನುವಾರ ನಾನೂ ತಮ್ಮನೂ ಸಪ್ಲಿಮೆಂಟ್ ಸೇರಿಸೋಕೆ ಹೋಗ್ತಿದ್ವಿ, ಬೆರಳೆಲ್ಲ ಕಪ್ಪಾಗಿ, ಆ ಇಂಕಿನ ವಾಸನೆ ತಿಂಡಿ ತಿನ್ನುವಾಗಲೂ ಕೈಲಿರೋದು. ಆಫೀಸಿಂದ ‘ಸರ್ಕ್ಯುಲೇಶನ್‌ನೋರು’ ಬರ್ತಾರೆ ಅಂದ್ರೆ ಅಪ್ಪ ಇಸ್ತ್ರಿ ಶರ್ಟ್ ಹಾಕ್ಕೊಳ್ಳೋರು. ಅವರು ಕೇಳೋದು ಒಂದೇ ಪ್ರಶ್ನೆ, ನಿಮ್ಮಲ್ಲಿ ಎಷ್ಟು ಪೇಪರ್ ಹೋಗುತ್ತೆ? ಕನ್ನಡದಲ್ಲಿ ಪೇಪರ್ ‘ಹೋಗೋದು’ ನೋಡಿ, ಅದು ಬರೋದು ಯಾರಿಗೂ ಬೇಡ. ವಾಪಸ್ ಬಂದ ಪೇಪರ್ ಅಂದ್ರೆ ರಿಟರ್ನ್, ಏಜೆಂಟಿಗೆ ತಲೆನೋವು, ಕೊನೆಗೆ ರದ್ದಿ. ಪೇಪರ್‌ಗಳ ಪ್ರಸಾರ ಸಂಖ್ಯೆಗೆ ಸರ್ಟಿಫಿಕೇಟ್ ಕೊಡೋಕೆ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಶನ್ಸ್ ಅಂತ 1948ರಿಂದ ಇದೆ, ಆರಾರು ತಿಂಗಳಿಗೆ ಲೆಕ್ಕ ತೆಗೀತಾರೆ, ಅಲ್ಲೂ ಲೆಕ್ಕಕ್ಕೆ ಬರೋದು ಮಾರಾಟ ಆದ ಪ್ರತಿ. ಕಟಿಂಗ್ ಶಾಪಲ್ಲಿ ಒಂದು ಪೇಪರನ್ನ ಇಪ್ಪತ್ತು ಜನ ಓದಿದ್ರೂ ಪ್ರಸಾರ ಒಂದೇ, ಓದುಗರ ಸಂಖ್ಯೆ ಬೇರೆ. ಅಪ್ಪನಿಗೆ ಮಾತ್ರ ಎರಡನೇದರ ಮೇಲೇ ಪ್ರೀತಿ. ಮಧ್ಯಾಹ್ನದ ಹೊತ್ತಿಗೆ ಹೋಟೆಲ್ ಪೇಪರ್ ಮೂಲೆಯೆಲ್ಲ ಕಾಫಿ ಕಲೆಯಾಗಿ ಪುಟಗಳು ಬೇರೆ ಬೇರೆ ಟೇಬಲ್‌ನಲ್ಲಿ ಇರೋದನ್ನ ನೋಡಿ ಖುಷಿ ಪಡೋರು. ಜುಲೈ 1 ಪತ್ರಿಕಾ ದಿನ ಅಲ್ವಾ, 1843ರಲ್ಲಿ ಮಂಗಳೂರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದ ದಿನ, ಅವತ್ತು ಅಪ್ಪ ಲೈನ್ ಹುಡುಗರಿಗೆಲ್ಲ ಮಸಾಲೆ ದೋಸೆ ಕೊಡಿಸೋರು.

ನನ್ನ ಪದ ಚಲಾವಣೆ. ಬ್ಯಾಂಕಲ್ಲಿ ಕ್ಯಾಶ್ ಕೌಂಟರಲ್ಲಿ ಕೂತು ಹನ್ನೆರಡು ವರ್ಷ ಆಯ್ತು. ನೋಟು ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ. ಬಂದಾಗೆಲ್ಲ ನೋಡ್ಬೇಕು, ಮತ್ತೆ ಕೊಡಬಹುದಾದ್ದು ಯಾವುದು, ಕೊಡಬಾರದ್ದು ಯಾವುದು. ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್. ಹಿಂದೆ ಪ್ಯಾಕೆಟ್ಟಿಗೆ ಸ್ಟೇಪಲ್ ಹೊಡೀತಿದ್ರು, 2001ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನ ನಿಲ್ಲಿಸಿ ಪೇಪರ್ ಪಟ್ಟಿ ಸುತ್ತಿ ಅಂತು, ಅದಕ್ಕೇ ಈಗ ನೋಟಿಗೆ ತೂತು ಕಮ್ಮಿ. ಕೊಬ್ಬರಿ ಹರಾಜಿನ ದಿನ ಬರೋ ನೋಟು ಮುಟ್ಟಿದ್ರೇ ಗೊತ್ತಾಗುತ್ತೆ, ಎಣ್ಣೆ ಜಿಡ್ಡು ಇರುತ್ತೆ. ತೀರಾ ಸವೆದ ನೋಟು ಕರೆನ್ಸಿ ಚೆಸ್ಟ್ (ರಿಸರ್ವ್ ಬ್ಯಾಂಕ್ ಪರವಾಗಿ ನೋಟು ಇಟ್ಕೊಳ್ಳೋ ಬ್ಯಾಂಕ್ ಖಜಾನೆ) ಮೂಲಕ ರಿಸರ್ವ್ ಬ್ಯಾಂಕಿಗೆ ಹೋಗುತ್ತೆ, ಅಲ್ಲಿ ಮಶೀನು ಎಣಿಸಿ, ಪರೀಕ್ಷೆ ಮಾಡಿ, ಚೂರು ಚೂರು ಮಾಡಿ ಇಟ್ಟಿಗೆ ತರ ಒತ್ತಿಬಿಡುತ್ತೆ. ಅದರ ಜಾಗಕ್ಕೆ ಹೊಸದು ಬರ್ಬೇಕು, ನಮ್ಮ ಮೈಸೂರಲ್ಲೇ 1996ರಿಂದ ನೋಟು ಅಚ್ಚಾಗ್ತಿದೆ.

ಆದ್ರೆ ಜನ ಚಲಾವಣೆ ಅನ್ನಲ್ಲ, “ಈ ನೋಟು ನಡೆಯುತ್ತಾ?” ಅಂತಾರೆ. ಕನ್ನಡದಲ್ಲಿ ದುಡ್ಡಿಗೆ ಕಾಲಿದೆ. ಹತ್ತು ರೂಪಾಯಿ ಕಾಯಿನ್ ನಡೆಯಲ್ಲ ಅಂತ ಎಷ್ಟು ವರ್ಷ ಅಂಗಡಿಯವರು ತಗೊಳ್ತಿರಲಿಲ್ಲ, ರಿಸರ್ವ್ ಬ್ಯಾಂಕ್ ಎಲ್ಲಾ ಡಿಸೈನೂ ಅಸಲಿ ಅಂತ ಎಷ್ಟು ಸಲ ಹೇಳಿದ್ರೂ. 2023ರ ಮೇ 19ಕ್ಕೆ 2000ದ ನೋಟು ‘ಚಲಾವಣೆಯಿಂದ ಹಿಂದಕ್ಕೆ’ ಅಂತ ಸುದ್ದಿ ಬಂತಲ್ಲ, ಅದರ ಮುಂದಿನ ವಾರ ಒಬ್ರು ಅಜ್ಜಿ ಮೂರು ನೋಟು ಸೆರಗಿನ ತುದಿಗೆ ಗಂಟು ಹಾಕ್ಕೊಂಡು ಬಂದ್ರು. ಗಂಟು ಬಿಚ್ಚೋಕೆ ಕೈ ನಡುಗ್ತಿತ್ತು. “ನಡೆಯಲ್ವಂತಲ್ಲವ್ವ, ಆರು ಸಾವಿರ ಹೋಯ್ತಾ?” ಅಂದ್ರು. ಹೋಗಿಲ್ಲ ಅಜ್ಜಿ, ನೋಟಿಗೆ ಕಾನೂನು ಪ್ರಕಾರ ಬೆಲೆ ಹಾಗೇ ಇದೆ, ಹೊಸದಾಗಿ ಕೊಡೋದು ನಿಲ್ಲಿಸಿದಾರೆ, ಒಂದು ಸಲಕ್ಕೆ 20,000ದವರೆಗೂ ಬದಲಾಯಿಸ್ಕೋಬಹುದು ಅಂತ ಹೇಳಿ ಐನೂರರ ಹನ್ನೆರಡು ನೋಟು ಎಣಿಸಿಕೊಟ್ಟೆ. ಅವತ್ತೇ ಅನ್ನಿಸಿತ್ತು ನನಗೆ, ಚಲಾವಣೆ ಅನ್ನೋ ಒಂದು ಪದದಲ್ಲಿ ಎರಡು ಅರ್ಥ ಸೇರ್ಕೊಂಡಿದೆ, ಕೈಯಿಂದ ಕೈಗೆ ಹೋಗ್ತಿರೋದು ಒಂದು, ಬೆಲೆ ಇರೋದು ಇನ್ನೊಂದು. ಮನುಷ್ಯರಿಗೂ ಚಲಾವಣೆ ಇಲ್ಲದ ನಾಣ್ಯ ಅಂತ ಬೈತೀವಿ. ‘ಕಳಪೆ ಚಲಾವಣೆ ಹೊಂದಿರುವ ವ್ಯಕ್ತಿ’ ಅಂತ ಓದಿದಾಗ ಅಮ್ಮನಿಗೆ ಬೈಗುಳ ತರಾನೇ ಕೇಳಿಸಿದೆಯಂತೆ, ಆಮೇಲೆ ಹೇಳಿದ್ಲು.

ಗಾಳಿಗೆ ನಾವು ವಿತರಣೆ ಅನ್ನೋದೇ ಇಲ್ಲ, ಗಾಳಿ ಆಡುತ್ತೆ. ‘ಗಾಳಿ ಆಡೋ ತೂತು ಮುಚ್ಚಬೇಡಿ’ ಅಂತ ಬರೆದಿದ್ರೆ ಎರಡನೇ ಕ್ಲಾಸ್ ಮಗುಗೂ ಅರ್ಥ ಆಗೋದು. ಇಷ್ಟೇ ಇದರ ಬಗ್ಗೆ.

ರಕ್ತಕ್ಕೆ ಬರೋಣ. ನಾವು ಸ್ಕೂಲಲ್ಲಿ ಓದಿದ್ದು ರಕ್ತ ಪರಿಚಲನೆ. ಪರೀಕ್ಷೆಗೆ ಉರು ಹೊಡೆದಿದ್ದೆ, ಆ ‘ಪರಿ’ ಯಾಕಿದೆ ಅಂತ ಯೋಚಿಸಿರಲಿಲ್ಲ. ಪರಿ ಅಂದ್ರೆ ಸುತ್ತ, ಪರಿಕ್ರಮದಲ್ಲಿ ಇರೋ ಪರಿ. ಹೊರಟ ಜಾಗಕ್ಕೇ ವಾಪಸ್ ಬರೋದು. ಅಮ್ಮನ ಗಾಯ ಒಣಗೋ ತನಕ ರಾತ್ರಿ ಕೂತು ಇದರ ಬಗ್ಗೆ ಓದ್ತಿದ್ದೆ, ಆಗ ಗೊತ್ತಾಗಿದ್ದು, ಈ ‘ಪರಿ’ ಸೇರೋಕೆ ಎಷ್ಟು ಶತಮಾನ ಹಿಡೀತು ಅಂತ. ಎರಡನೇ ಶತಮಾನದ ಗ್ಯಾಲನ್ ಅನ್ನೋ ವೈದ್ಯ ಹೇಳಿದ್ದೇನಂದ್ರೆ, ಊಟದಿಂದ ಪಿತ್ತಜನಕಾಂಗದಲ್ಲಿ ರಕ್ತ ಹುಟ್ಟುತ್ತೆ, ಮೈಯೆಲ್ಲ ಹರಡುತ್ತೆ, ಅಲ್ಲೇ ಖರ್ಚಾಗುತ್ತೆ. ಯೂರೋಪಲ್ಲಿ ಸಾವಿರದ ನಾನೂರು ವರ್ಷಕ್ಕೂ ಮೇಲೆ ವೈದ್ಯರು ಇದನ್ನೇ ನಂಬಿದ್ರು. ಅಂದ್ರೆ ರಕ್ತ ಬೆಳಗಿನ ಪೇಪರ್ ಇದ್ದ ಹಾಗೆ, ಹೋಗುತ್ತೆ, ಅಷ್ಟೆ. ಅದು ಪ್ರಸಾರ! ಲಂಡನ್ನಿನ ವೈದ್ಯ ವಿಲಿಯಂ ಹಾರ್ವೆ ಇದನ್ನ ಲೆಕ್ಕ ಹಾಕಿ ನೋಡಿದ. ಹೃದಯ ಒಂದು ಸಲ ಬಡಿದಾಗ ಎಷ್ಟು ರಕ್ತ ಹೊರಗೆ ಹೋಗುತ್ತೆ, ಅರ್ಧ ಗಂಟೆಗೆ ಎಷ್ಟು ಸಲ ಬಡಿಯುತ್ತೆ, ಬೇಕಂತಲೇ ಕಮ್ಮಿ ಅಂದಾಜು ಹಿಡಿದು ಗುಣಿಸಿದ್ರೂ ಇಡೀ ಮೈಯಲ್ಲಿರೋ ರಕ್ತಕ್ಕಿಂತ ಜಾಸ್ತಿ ಬರುತ್ತೆ. ಅಷ್ಟನ್ನ ಯಾವ ಊಟದಿಂದ ಹುಟ್ಟಿಸೋಕಾಗುತ್ತೆ? ಹಾಗಾದ್ರೆ ಅದೇ ರಕ್ತ ಸುತ್ತಿ ಬರ್ತಿರಬೇಕು. 1628ರಲ್ಲಿ ಇದನ್ನ ಲ್ಯಾಟಿನ್‌ನಲ್ಲಿ ಪುಸ್ತಕ ಮಾಡಿದ. ಹೋಗೋ ನಾಳದಿಂದ ಬರೋ ನಾಳಕ್ಕೆ ರಕ್ತ ಹೇಗೆ ದಾಟುತ್ತೆ ಅನ್ನೋದು ಮಾತ್ರ ಅವನ ಕಣ್ಣಿಗೆ ಕಾಣಲಿಲ್ಲ, ಅವನು ತೀರಿಕೊಂಡ ಮೇಲೆ 1661ರಲ್ಲಿ ಇಟಲಿಯ ವೈದ್ಯ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಆ ಕೂದಲೆಳೆಯಂಥ ನಾಳಗಳನ್ನ ಕಂಡ.

ಈ ವಿಷಯ ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ರಕ್ತಕ್ಕೆ ರಿಟರ್ನೇ ಮುಖ್ಯ” ಅಂದ್ರು. ಅದೇ ವಿಷಯ! ಕಾಲಿನ ಮಟ್ಟಿಗೆ ಅಂತೂ ಅದೇ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ, ಸುಮ್ಮನೆ ಕೂತಿದ್ದಾಗಲೂ ಹೃದಯ ನಿಮಿಷಕ್ಕೆ ಸುಮಾರು ಅಷ್ಟನ್ನೇ ತಳ್ಳುತ್ತೆ. ಕೆಳಗೆ ಹೋಗೋದು ಸುಲಭ, ಪಾದದಿಂದ ಎದೆ ತನಕ ಹತ್ತಿ ಬರೋದು ಕಷ್ಟ. ಅದಕ್ಕೆ ಅಂತಾನೇ ವಾಪಸ್ ತರೋ ನಾಳದ ಒಳಗೆ ಒಂದೇ ಕಡೆ ತೆರೆಯೋ ಬಾಗಿಲುಗಳಿವೆ, ನಡೆಯುವಾಗ ಮೀನಖಂಡ ಬಿಗಿಯಾದಾಗೆಲ್ಲ ನಾಳವನ್ನ ಹಿಂಡಿ ರಕ್ತವನ್ನ ಮೇಲಕ್ಕೆ ತಳ್ಳುತ್ತೆ, ಬಾಗಿಲು ಮುಚ್ಕೊಳ್ಳೋದ್ರಿಂದ ಅದು ಕೆಳಗೆ ಜಾರಲ್ಲ. ಮೀನಖಂಡವನ್ನ ಎರಡನೇ ಹೃದಯ ಅಂತ ಕರೀತಾರೆ. ನೀವು ಈಗಲೇ ನೋಡಬಹುದು, ಒಂದು ಕೈ ಸುಮ್ಮನೆ ಕೆಳಗೆ ಇಳಿಬಿಡಿ, ಹಿಂಗೈ ನಾಳ ಉಬ್ಬುತ್ತೆ, ತಲೆ ಮೇಲಕ್ಕೆ ಎತ್ತಿ ಹಿಡೀರಿ, ಇಳಿದುಹೋಗುತ್ತೆ.

ಇಷ್ಟು ತಿಳ್ಕೊಂಡ ಮೇಲೆ ಮಶೀನ್ ನೋಡಿದ್ರೆ ಅದು ಒತ್ತೋದು ಪಾದ ಮಾತ್ರ, ಮೀನಖಂಡದ ಹತ್ರಾನೂ ಬರಲ್ಲ. ಅಂಗಾಲಿಗೆ ಒಳ್ಳೆ ಮಸಾಜ್ ಆಗುತ್ತೆ, ದಣಿವು ಇಳಿಯುತ್ತೆ, ಅದು ನಿಜ. ನಾನು ದಿನವೆಲ್ಲ ಕೌಂಟರಲ್ಲಿ ಕೂತು ಬಂದು ಕಾಲಿಟ್ರೆ ಹತ್ತು ನಿಮಿಷಕ್ಕೆ ಹಗುರ ಅನ್ನಿಸುತ್ತೆ, ಸುಳ್ಳು ಹೇಳಲ್ಲ. ಅಪ್ಪನಿಗಂತೂ ಇಷ್ಟ, 31 ವರ್ಷ ಸೈಕಲ್ ತುಳಿದ ಕಾಲು, ಶುಗರ್ ಇಲ್ಲ, ಅವರನ್ನೂ ಡಾಕ್ಟರ್ ಹತ್ರ ತೋರಿಸಿ ಕೇಳಿದೀವಿ, ಸಂಜೆ ನ್ಯೂಸ್ ನೋಡುವಾಗ ಲೆವೆಲ್ ಎರಡಕ್ಕೆ ಇಟ್ಕೊಂಡು ಕೂರ್ತಾರೆ. ಆದ್ರೆ ರಕ್ತ ಓಡಾಡಿಸೋ ಕೆಲಸಕ್ಕೆ ಅಂತ ನೀವು 6,800 ಕೊಡೋದಾದ್ರೆ ಯೋಚನೆ ಮಾಡಿ. ಅಮ್ಮನಿಗೆ ಗಾಯ ಪೂರ್ತಿ ವಾಸಿಯಾದ ಮೇಲೆ ಡಾಕ್ಟರ್ ಹೇಳಿಕೊಟ್ಟಿದ್ದು ಬೇರೆ. ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಬೆಳಗ್ಗೆ ಹತ್ತು ಸಂಜೆ ಹತ್ತು, ಮನೆ ಒಳಗೂ ಚಪ್ಪಲಿ, ರಾತ್ರಿ ಮಲಗೋ ಮುಂಚೆ ಅಂಗಾಲನ್ನ ಕನ್ನಡಿ ಹಿಡಿದು ನೋಡ್ಕೊಳ್ಳೋದು. ಕುಕ್ಕರ್ ವಿಷಲ್ ಕಾಯ್ತಾ ಹಿಮ್ಮಡಿ ಎತ್ತುತಾ ನಿಂತಿರ್ತಾಳೆ. ಇದು ನಮ್ಮಮ್ಮನಿಗೆ ಹೇಳಿದ್ದು, ನಿಮ್ಮ ಮನೆಯವರಿಗೆ ಏನು ಅಂತ ನಿಮ್ಮ ಡಾಕ್ಟರೇ ಹೇಳ್ಬೇಕು. ಕಾಲಲ್ಲಿ ಗಾಯ ಇದ್ರೆ, ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವಿದ್ರೆ ಇಂಥ ಮಶೀನಿಗೆ ಕಾಲಿಡಲೇಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಬಸುರಿಯರು ಕೇಳಿಯೇ ಬಳಸಿ.

ಕಂಪನಿಗೆ ಮೇಲ್ ಹಾಕಿದೆ. ಚೀಟಿ ಫೋಟೋ ತೆಗೆದು, ಮೂರು ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ಏನಿರಬೇಕು ಅಂತ ಕನ್ನಡದಲ್ಲಿ ಬರೆದು, ಇಂಗ್ಲಿಷಲ್ಲೂ ವಿವರಿಸಿ, ಅಮ್ಮನ ಗಾಯದ ಫೋಟೋನೂ ಹಾಕಿದೆ. ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿದೀವಿ ಅಂತ ಉತ್ತರ ಬಂತು. ಎರಡು ತಿಂಗಳಾದ ಮೇಲೆ ನಮ್ಮ ಬ್ರಾಂಚಿನಲ್ಲಿ ಒಬ್ರು ಅದೇ ಮಶೀನ್ ತರಿಸಿದ್ರು, ಡಬ್ಬ ಬಿಚ್ಚಿ ಮೊದಲು ಚೀಟಿ ನೋಡಿದೆ, ಅದೇ ಪ್ರಸಾರ, ಅದೇ ಕಳಪೆ ಚಲಾವಣೆ. ನಾನು ಕೇಳಿದ್ದು ದುಡ್ಡು ವಾಪಸ್ ಅಲ್ಲ, ಎರಡು ಸಾಲು ಸರಿಯಾದ ಕನ್ನಡ. ಅಷ್ಟು ಭಾಷೇಲಿ ಚೀಟಿ ಅಚ್ಚು ಹಾಕಿಸೋರಿಗೆ ಆಯಾ ಭಾಷೆ ಬಲ್ಲ ಒಬ್ಬರ ಕೈಲಿ ಒಂದು ಸಲ ಓದಿಸೋದು ಕಷ್ಟಾನಾ? ವಯಸ್ಸಾದೋರಿಗೆ ಅಂತಾನೇ ಮಾರೋ ವಸ್ತು ಇದು, ನಮ್ಮ ಕಡೆ ಆ ವಯಸ್ಸಿನೋರಲ್ಲಿ ಎಷ್ಟೋ ಜನ ಕನ್ನಡ ಮಾತ್ರ ಓದೋರು.

ಆಮೇಲೆ ನಾನೇ ಒಂದು ಹಾಳೇಲಿ ದಪ್ಪ ಅಕ್ಷರದಲ್ಲಿ ಬರೆದು ಎರಡು ಕಾಪಿ ಮಾಡಿದೆ, ಒಂದು ನಮ್ಮ ಮಶೀನಿಗೆ, ಒಂದು ಆ ಸಹೋದ್ಯೋಗಿ ಮನೇದಕ್ಕೆ. ಮೊದಲು ‘ಕಾಲಿನಲ್ಲಿ ರಕ್ತ ಪರಿಚಲನೆ ಸರಿಯಿಲ್ಲದವರು’ ಅಂತ ಬರೆದಿದ್ದೆ, ಅಪ್ಪ ಓದಿ ಪೆನ್ ಇಸ್ಕೊಂಡು ‘ಪರಿಚಲನೆ’ ಹೊಡೆದುಹಾಕಿ ಮೇಲೆ ‘ಓಡಾಟ’ ಅಂತ ಬರೆದ್ರು, ನಿಮ್ಮಮ್ಮ ದಿನಾ ಅನ್ನೋದು ಅದನ್ನೇ ಅಲ್ವಾ ಅಂದ್ರು. ಹಾಗಾಗಿ ಈಗ ಮಶೀನ್ ಮೇಲೆ ಅಂಟಿಸಿರೋದು ಇಷ್ಟು: ‘ಕಾಲಿನಲ್ಲಿ ರಕ್ತ ಓಡಾಟ ಸರಿಯಿಲ್ಲದವರು ಡಾಕ್ಟರನ್ನು ಕೇಳದೆ ಕಾಲಿಡಬೇಡಿ. ಮುಟ್ಟಿದ್ದು, ಬಿಸಿ, ತಣ್ಣಗೆ ಸರಿಯಾಗಿ ಗೊತ್ತಾಗದವರು ಹೀಟ್ ಹಾಕಲೇಬೇಡಿ. ಶುಗರ್ ಇದ್ದರೆ ಮೊದಲು ಕಾಲು ಪರೀಕ್ಷೆ ಮಾಡಿಸಿ. ಗಾಳಿ ಆಡೋ ತೂತಿನ ಮೇಲೆ ಬಟ್ಟೆ ಹಾಕಬೇಡಿ.’ ಬೇಕಾದವರು ಇದನ್ನೇ ಬರ್ಕೊಂಡು ಅಂಟಿಸ್ಕೊಳ್ಳಿ.

ಸ್ಟಾರ್ ಕೊಡಬೇಕಂದ್ರೆ ಮಸಾಜ್‌ಗೆ ನಾಲ್ಕು, ವೈರ್ ಉದ್ದಕ್ಕೆ ಎರಡು, ಒಗೆಯೋ ಬಟ್ಟೆಗೆ ಐದು, ಕನ್ನಡ ಚೀಟಿಗೆ ಒಂದೂ ಇಲ್ಲ. ವಾರಂಟಿ ಒಂದು ವರ್ಷ, ಇಲ್ಲಿ ತನಕ ರಿಪೇರಿ ಬಂದಿಲ್ಲ. ಹೀಟ್ ಬಟನ್ ಮೇಲೆ ಅಮ್ಮನೇ ಒಂದು ಬ್ಯಾಂಡೇಜ್ ಪಟ್ಟಿ ಅಂಟಿಸಿದಾಳೆ, ಅವಳ ಹಿಮ್ಮಡಿಗೆ ತಂದಿದ್ದರಲ್ಲಿ ಉಳಿದಿದ್ದು.